ತಂಗೆವ್ವನ ಹೆಸರಿನ ಗಾಡಿ

ನಮ್ಮೂರಿನಲ್ಲಿ ಶ್ರೀಮಂತರಿಗೆ ಮೊದಲು ಕತ್ತಲಾಗುತ್ತದೆ. ಬಟ್ಟೆ ಅಂಗಡಿಯ ಕೋಟೆಪ್ಪ ಶೆಟ್ಟರು ನಾಷ್ಟಾ ಮುಗಿಸಿ, ಗಾದಿಯ ಮೇಲೆ ಕೂತು ಊದಿನಕಡ್ಡಿ ಹಚ್ಚುವಷ್ಟರಲ್ಲಿ ಅವರ ಹಗಲು ಮುಗಿದಿರುತ್ತದೆ. ಡಾಕ್ಟರ ಹತ್ತಿರ ಮುಂಜಾನೆಯೇ ಹೋಗಬೇಕು, ಮಧ್ಯಾಹ್ನ ಹೋದರೆ ಗಂಟಲು ನೋಡುತ್ತೇನೆಂದು ಮೂಗು ಹಿಡಿಯುತ್ತಾರೆ. ಮಾಸ್ತರರಿಗೆ ಶಾಲೆ ಬಿಟ್ಟ ಮೇಲೆ ಸ್ವಲ್ಪ ಹೊತ್ತು ಕಾಣುತ್ತದೆ. ಕೂಲಿ ಮಾಡುವವರಿಗೆ ಮಾತ್ರ ಸೂರ್ಯ ಮುಳುಗುವವರೆಗೂ ಬೆಳಕು. ಕೇಂದ್ರದವರು ತೆರಿಗೆಯನ್ನು ದುಡ್ಡಿನಲ್ಲಲ್ಲ, ಬೆಳಕಿನಲ್ಲೇ ಮುರಿದುಕೊಳ್ಳುತ್ತಾರೆ, ಅವರವರ ಗಳಿಕೆ ನೋಡಿ. ಒಮ್ಮೆ ಕತ್ತಲು ಬಿದ್ದವರ ಮುಂದೆ ಕಂದೀಲು ಹಿಡಿಯಿರಿ, ಟ್ಯೂಬ್‌ಲೈಟ್ ಹಾಕಿರಿ, ಮರುದಿನ ಹೊತ್ತು ಮೂಡುವವರೆಗೆ ಅವರಿಗೆ ಏನೂ ಕಾಣದು. ಅದಕ್ಕೇ ಬಜಾರಿನ ಉದ್ದಕ್ಕೂ ಅಂಗಡಿಗಳ ಮುಂದೆ ಸೊಂಟದ ಮಟ್ಟಕ್ಕೆ ಹಗ್ಗ ಕಟ್ಟಿದ್ದಾರೆ. ಕತ್ತಲಾದವರು ಅದನ್ನು ಹಿಡಿದುಕೊಂಡು ಓಡಾಡುತ್ತಾರೆ. ಬಜಾರಿನಲ್ಲಿ ಯಾರೂ ಹಾರ್ನ್ ಹೊಡೆಯುವಂತಿಲ್ಲ. ಹಾರ್ನ್ ಕೇಳಿದವರು ಬೆಚ್ಚಿ ಹಗ್ಗ ಬಿಡುತ್ತಾರೆ, ಹಗ್ಗ ಬಿಟ್ಟವರು ಎಲ್ಲಿ ಬೀಳುತ್ತಾರೋ ಹೇಳಲಾಗದು.

ನನ್ನ ಗಂಡ ಚನ್ನಬಸು ಬೇಕರಿಯಿಂದ ಬ್ರೆಡ್ಡು, ಬನ್ನು ಒಯ್ದು ಅಂಗಡಿ ಅಂಗಡಿಗೆ ಹಾಕುವವರು. ಕೇಂದ್ರದ ಲೆಕ್ಕದಲ್ಲಿ ಅದೂ ವ್ಯಾಪಾರವೇ, ಹಾಗಾಗಿ ಅವರಿಗೆ ಮಧ್ಯಾಹ್ನದ ಊಟ ಮಾಡಿ ಕೈ ತೊಳೆಯುವ ಹೊತ್ತಿಗೆ ಕತ್ತಲಾಗುತ್ತಿತ್ತು. ಚಹಾದಂಗಡಿಯವರು ಸಂಜೆಗೂ ಬನ್ನು ಬೇಕೆಂದು ಕೇಳುತ್ತಿದ್ದರು, ಸಂಜೆ ಬರದಿದ್ದರೆ ಈ ಲೈನನ್ನೇ ಬೇರೆಯವರಿಗೆ ಕೊಡುತ್ತೇನೆಂದು ಬೇಕರಿಯವನು ಎರಡು ಸಲ ಗದರಿಸಿದ್ದ. ಆ ಚಿಂತೆ ಒಂದು ಕಡೆ. ನನಗೆ ಅದಕ್ಕಿಂತ ಸಂಕಟದ ವಿಷಯ ಇನ್ನೊಂದಿತ್ತು. ನಮ್ಮ ಗಿರಿಜಾ ನಾಲ್ಕನೇ ಇಯತ್ತೆಗೆ ಬಂದಿದ್ದಳು. ಅವಳು ಶಾಲೆಯಿಂದ ಚೀಲ ತಿರುಗಿಸುತ್ತ, ಒಂಟಿ ಕಾಲಲ್ಲಿ ಕುಪ್ಪಳಿಸುತ್ತ ಓಣಿಯಲ್ಲಿ ಬರುವುದನ್ನು ಇವರು ಒಂದು ದಿನವೂ ಕಂಡಿರಲಿಲ್ಲ. ಕಟ್ಟೆಯ ಮೇಲೆ ಕೂತು ಕಿವಿಗೊಟ್ಟು, "ಬಂದ್ಳು, ಬಂದ್ಳು" ಎಂದು ತಾವೇ ನಗುತ್ತಿದ್ದರು. ನಾನು ಒಳಗೆ ಹೋಗಿ ಸುಮ್ಮನೆ ಪಾತ್ರೆ ಬಡಿಯುತ್ತಿದ್ದೆ.

ಹೀಗಿರುವಾಗ ಕೇಂದ್ರದವರು ಡಂಗುರ ಹೊಡೆಸಿದರು. ಯಾರು ಬ್ಯಾಟರಿ ಗಾಡಿ ಕೊಂಡು ತಾವೇ ಓಡಿಸುತ್ತಾರೋ ಅವರು ರಿಟರ್ನಿನಲ್ಲಿ ಅದನ್ನು ಬರೆದರೆ ಆ ವರ್ಷದ ಬೆಳಕಿನ ತೆರಿಗೆಯಲ್ಲಿ ರಿಯಾಯಿತಿ. ನಮ್ಮ ಲೆಕ್ಕಕ್ಕೆ ಇವರ ಕತ್ತಲೆ ಪೂರ್ತಿ ವಜಾ ಆಗುವಷ್ಟು. ನಾವು ಹಳೆಯ ಡೀಸೆಲ್ ಗಾಡಿ ಮಾರಿ, ನನ್ನ ಬಳೆಯನ್ನೂ ಮಾರಿ, ಬಿಳಿ ಬಣ್ಣದ ಒಂದು ಬ್ಯಾಟರಿ ವ್ಯಾನ್ ತಂದೆವು. ಶೋರೂಮಿನ ಹುಡುಗಿ ಕಾಗದ ಬರೆಯುವಾಗ "ಹೆಸರೇನು" ಎಂದು ಕೇಳಲಿಲ್ಲ, "ಅಜ್ಜಿ ಹೆಸರೇನು" ಎಂದು ಕೇಳಿದಳು. ಕೇಳುವುದೇ ಹಾಗೆ. ನಮ್ಮೂರಿನಲ್ಲಿ ಗಾಲಿ ಇರುವ ಯಾವುದೇ ವಸ್ತು ಮನೆಗೆ ಬಂದರೆ, ಅದು ಮಕ್ಕಳ ಸೈಕಲ್ ಆದರೂ ಸರಿ, ಮನೆಯ ಹಿರಿಯ ಹೆಂಗಸಿನ ಹೆಸರಿಗೇ ಕೊಳ್ಳಬೇಕು. ಹೊರಗೆ ಹೋಗಿ ಹೋಗಿ ಹೆಚ್ಚು ಸಲ ಮನೆಗೆ ತಿರುಗಿ ಬಂದ ಕಾಲು ಅವಳದು, ಅವಳ ಹೆಸರಿನ ಗಾಡಿಯೂ ತಿರುಗಿ ಬರುತ್ತದೆ ಎಂಬ ನಂಬಿಕೆ. ಹಾಗಾಗಿ ಗಾಡಿ ನನ್ನ ಅತ್ತೆ ತಂಗೆವ್ವನ ಹೆಸರಿಗೆ ಆಯಿತು. ಅತ್ತೆ ಅದರ ಮೂತಿಗೆ ಕುಂಕುಮ ಹಚ್ಚಿ, "ಇದಕ್ಕ ದನಿ ಇಲ್ಲಲ್ಲ, ಮೂಕ ಐತೇನು?" ಎಂದರು.

ಮೂಕವೇ ಆಗಿತ್ತು. ಮೊದಲ ವಾರವೇ ಇವರು ಶೆಟ್ಟರ ಕಾಲಿನ ಮೇಲೆ ಹತ್ತಿಸುವುದು ಸ್ವಲ್ಪದರಲ್ಲಿ ತಪ್ಪಿತು. ಹಳೆಯ ಗಾಡಿಯ ಗಡಗಡ ಕೇಳಿ ಜನ ತಾವಾಗಿ ಹಗ್ಗಕ್ಕೆ ಸರಿಯುತ್ತಿದ್ದರು, ಇದು ಬೆಕ್ಕಿನ ಹಾಗೆ ಬರುತ್ತಿತ್ತು. ಅಂದಿನಿಂದ ಇವರು ಗಾಡಿ ಓಡಿಸುವಾಗ ಗಟ್ಟಿಯಾಗಿ ಹಾಡತೊಡಗಿದರು. ಹಾಡೆಂದರೆ ಮಾತಿಲ್ಲ ಕತೆಯಿಲ್ಲ, ಮೂಗಿನಲ್ಲಿ ಎಳೆಯುವ ಒಂದು ರಾಗ. "ಎಮ್ಮಿ ಕರಾ ಕರದಂಗ ಐತ್ರಿ" ಎಂದು ನಾನು ನಗುತ್ತಿದ್ದೆ.

ರಿಟರ್ನ್ ತುಂಬುವ ಕಾಲ ಬಂದಾಗ ಅತ್ತೆಯೂ ಸೇರಿ ಮೂವರೂ ಹಂಪಣ್ಣನವರ ಹತ್ತಿರ ಹೋದೆವು. ಬ್ಯಾಂಕಿನ ಮೆಟ್ಟಿಲ ಕೆಳಗೆ ಒಂದು ಮೇಜು ಹಾಕಿಕೊಂಡು ಊರಿನ ಅರ್ಧ ಮಂದಿಯ ರಿಟರ್ನ್ ತುಂಬಿಕೊಡುವವರು ಅವರೇ. ಗಾಡಿಯ ಕಾಗದ ನೋಡಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಚನ್ನಬಸೂ, ರಿಯಾಯಿತಿ ಗಾಡಿ ತಗೊಂಡವರಿಗೆ. ತಗೊಂಡಾಕಿ ನಿಮ್ಮವ್ವ. ತೆರಿಗಿ ಕೊಡಬೇಕಾದವ ನೀನು. ಇದು ಕೂಡೂದಿಲ್ಲಪಾ" ಎಂದರು.

"ಎಲ್ಲಾರೂ ಅವ್ವನ ಹೆಸರಿಗೇ ತಗೋತಾರಲ್ರೀ ಊರಾಗ?"

"ತಗೋತಾರ. ಕೇಂದ್ರದಾಗ ಕುಂತವ್ರಿಗೆ ನಮ್ಮೂರ ಪದ್ಧತಿ ಏನ್ ಗೊತ್ತು?"

"ಹಂಗಾರ ಅವ್ವಗೇ ಕೊಡ್ಲಿ ಬಿಡ್ರಿ ರಿಯಾಯಿತಿ."

"ಏನಂತ ಕೊಡ್ತಾರೋ? ನಿಮ್ಮವ್ವ ಒಂದು ಗಳಿಗಿ ಬೆಳಕೂ ಕೊಡಬೇಕಾಗಿಲ್ಲ. ಇದೇನು ಉಡಿ ತುಂಬೂದಲ್ಲ. ಕೊಡಬೇಕಾದ್ದರಾಗ ಕಳೀತಾರ, ಅಷ್ಟ. ಏನೂ ಇಲ್ಲದಾಕಿಗೆ ಏನ್ ಕಳೀತಾರ?"

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದುಕೊಂಡು ನಾನು ಏಳಲು ಹೊರಟೆ. ಹಂಪಣ್ಣ ದನಿ ತಗ್ಗಿಸಿದರು. ಒಂದು ದಾರಿ ಇದೆಯೆಂದರು. ಬ್ರೆಡ್ಡಿನ ವ್ಯಾಪಾರವನ್ನೇ ಅತ್ತೆಯ ಹೆಸರಿಗೆ ಮಾಡಬೇಕು, ಇವರು ಅತ್ತೆಯ ಕೈಕೆಳಗಿನ ಆಳೆಂದು ಬರೆಯಬೇಕು. ಆಗ ತೆರಿಗೆಯೂ ಅತ್ತೆಯದು, ರಿಯಾಯಿತಿಯೂ ಅತ್ತೆಯದು, ಒಂದಕ್ಕೊಂದು ವಜಾ. "ಆದ್ರ ಗಾಡಿ ಅಕೀನ ಓಡಿಸ್ಬೇಕು. ಕಣ್ಣಾರೆ ನೋಡಾಕ ಆಫೀಸಿನವ್ರು ಬರ್ತಾರ."

"ಅವರು ಒಪ್ಪದಿದ್ರ?" ಎಂದು ನಾನು ಕೇಳಿದೆ.

ಹಂಪಣ್ಣ ರಸ್ತೆಯ ಆಚೆ ನೋಡಿದರು. ಅಲ್ಲಿ ಹಿಟ್ಟಿನ ಗಿರಣಿಯ ಕಟ್ಟೆಯ ಮೇಲೆ ದ್ಯಾಮಣ್ಣ ಕೂತಿದ್ದ. ಹಿಂದಿನ ವರ್ಷ ಅಜ್ಜಿಯ ಹೆಸರಿನ ಬ್ಯಾಟರಿ ಗಾಡಿಗೆ ತನ್ನ ರಿಟರ್ನಿನಲ್ಲಿ ರಿಯಾಯಿತಿ ಕೇಳಿದವನು. ಸುಳ್ಳು ಹೇಳಿದೆಯೆಂದು ಕೇಂದ್ರದವರು ಅವನ ಹಗಲನ್ನು ಪೂರ್ತಿ ತೆಗೆದುಕೊಂಡರು. ಎಷ್ಟು ವರ್ಷದ ಮಟ್ಟಿಗೆ ಎಂದು ಯಾರೂ ಹೇಳಿಲ್ಲ, ಕೇಳಲು ಹೋಗುವ ಧೈರ್ಯವೂ ಯಾರಿಗೂ ಇಲ್ಲ. ಅವನು ಅಂಗೈ ಮೇಲೆ ಮಾಡಿ ಚಾಚಿಕೊಂಡಿದ್ದ. ಭಿಕ್ಷೆಗಲ್ಲ. ಬಿಸಿಲು ಬಂದಿದೆಯೋ ಇಲ್ಲವೋ ಎಂದು ಅಂಗೈಯಲ್ಲಿ ನೋಡಿಕೊಳ್ಳುತ್ತಿದ್ದ. ಬೇಡವೇ ಬೇಡ, ಎದ್ದೇಳಿ ಎಂದು ಇವರ ತೋಳು ಹಿಡಿದು ಎಳೆದೆ.

ಅತ್ತೆ ಕೂತಲ್ಲಿಂದ ಅಲುಗಲಿಲ್ಲ. "ತಡಿಯವ್ವಾ" ಎಂದು ಹಂಪಣ್ಣನವರ ಕಡೆ ತಿರುಗಿದರು. "ಅವರು ಒಪ್ಪದಿದ್ರ ಕತ್ತಲಿ ಯಾರ ಮ್ಯಾಲ ಬೀಳ್ತೈತಿ?"

"ಸಹಿ ಮಾಡಿದವರ ಮ್ಯಾಲ."

"ಇವಗ?"

"ಇವಗೇನೂ ಇಲ್ಲ. ಬರೇ ಆಳಿಗೆ ಎಲ್ಲಿ ತೆರಿಗಿ?"

"ಅವರು ಒಪ್ಲಿ ಬಿಡ್ಲಿ, ಇವಗ ಏನೂ ಇಲ್ಲ?"

"ಇಲ್ಲಬೇ ತಾಯಿ, ಹೇಳಿದ್ನಲ್ಲ."

ಮುದುಕಿಗೆ ಒಂದೇ ಮಾತನ್ನು ಎರಡು ಸಲ ಹೇಳಬೇಕು, ತಲೆಗೆ ಹತ್ತಿಲ್ಲ ಎಂದು ನಾನಂದುಕೊಂಡೆ. ಅತ್ತೆ ಸೆರಗಿಗೆ ಕೈ ಒರೆಸಿಕೊಂಡು, "ಸಹಿ ಎಲ್ಲಿ ಮಾಡ್ಲಿ?" ಎಂದರು. ಇವರು ಬೇಡವೆಂದರು. ನಾನು ಅತ್ತೆಯ ಕೈ ಹಿಡಿದೆ. "ಬಿಡ ಕಸ್ತೂರಿ, ನಾ ಎತ್ತಿನ ಬಂಡಿ ಹೊಡದಾಕಿ. ಇದೇನ್ ಹುಲ್ಲು ತಿನ್ನೂದಿಲ್ಲ, ಹಾಯೂದಿಲ್ಲ" ಎಂದು ನನ್ನ ಕೈ ಸರಿಸಿ ಸಹಿ ಮಾಡಿದರು.

ನೀರಿಗೆ ಇಳಿದ ಮೇಲೆ ಮಳೆಯೇನು ಚಳಿಯೇನು ಎಂದು ಮರುದಿನದಿಂದಲೇ ಹಳೆಯ ಹತ್ತಿ ಗಿರಣಿಯ ಬಯಲಿನಲ್ಲಿ ಕಲಿಸುವುದು ಸುರುವಾಯಿತು. ಅತ್ತೆಯ ಕಾಲು ಬ್ರೇಕಿಗೆ ಎಟಕುತ್ತಿರಲಿಲ್ಲ, ಬೆನ್ನಿಗೆ ಒಂದು ದಿಂಬು, ಕೆಳಗೆ ಒಂದು ದಿಂಬು ಇಟ್ಟೆವು. ಗಾಡಿ ಮುಂದೆ ಹೋದರೆ "ಹೋ ಹೋ" ಎನ್ನುವರು, ನಿಲ್ಲದಿದ್ದರೆ ಬೈಯುವರು. ಒಂದು ದಿನ ಗಿರಣಿಯ ಗೋಡೆಯತ್ತ ನೆಟ್ಟಗೆ ನುಗ್ಗಿಸಿದರು. ಗೋಡೆಗೆ ಮೊಳದಷ್ಟು ದೂರದಲ್ಲಿ ನಿಲ್ಲಿಸಿ, "ನಿಮ್ಮ ಮಾವಗಿಂತ ಲಗೂ ಮಾತ ಕೇಳ್ತೈತಿ" ಎಂದರು. ನಾನು ನಕ್ಕೆ. ನಗುವಾಗಲೂ ಕಣ್ಣೆದುರು ದ್ಯಾಮಣ್ಣನ ಅಂಗೈ ಬರುತ್ತಿತ್ತು. ಅತ್ತೆಯ ಕಣ್ಣು ಆ ವಯಸ್ಸಿಗೂ ಚುರುಕು, ನನ್ನ ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದವರು ಅವರೇ. ಅದೇ ಕಣ್ಣನ್ನು ನಾವು ಒಯ್ದು ಪಣಕ್ಕೆ ಇಟ್ಟಿದ್ದೇವೆ ಎನಿಸುತ್ತಿತ್ತು.

ಆದರೆ ಅತ್ತೆ ಕಲಿತರು. ಚಾರ್ಜಿನ ವಾಯರು ಎಲ್ಲಿ ಚುಚ್ಚಬೇಕು, ತುಂಬಿದರೆ ಯಾವ ದೀಪ ಹತ್ತುತ್ತದೆ, ಯಾವ ಅಂಗಡಿಗೆ ಎಷ್ಟು ಬ್ರೆಡ್ಡು, ಎಲ್ಲವನ್ನೂ ಬಾಯಿಪಾಠ ಮಾಡಿಸಿದೆವು. ಅಧಿಕಾರಿ ಏನು ಕೇಳಿಯಾರು ಎಂದು ನಾನೇ ಅಧಿಕಾರಿಯಾಗಿ ಕೂತು ಕೇಳುತ್ತಿದ್ದೆ. ಒಂದಕ್ಕೂ ಅವರು ತಡವರಿಸಲಿಲ್ಲ. ಇಷ್ಟು ಮಾಡಿದ ನಮಗೆ ಹಾಡೊಂದು ಮಾತ್ರ ನೆನಪಾಗಲಿಲ್ಲ.

ಅಧಿಕಾರಿ ಬಂದದ್ದು ಒಂದು ಮಂಗಳವಾರ ಮುಂಜಾನೆ, ಶೆಟ್ಟರಂಥವರಿಗೆ ಆಗಲೇ ಕತ್ತಲಾಗಿತ್ತು. ತೆಳ್ಳನೆಯ ಹುಡುಗಿ, ಕೈಯಲ್ಲಿ ಒಂದು ಸ್ಟೀಲಿನ ನೀರಿನ ಬಾಟಲಿ. ಗದರುವವಳಲ್ಲ, "ಕೂಡಬಹುದೇನ್ರೀ ಅಮ್ಮಾ?" ಎಂದು ಕೇಳಿಯೇ ಕೂತಳು. ಅವಳ ಆ ಮೆತ್ತನೆಯ ಮಾತಿಗೇ ನನಗೆ ಹೆಚ್ಚು ಭಯವಾಯಿತು. ಇವರು ಸ್ಟೇರಿಂಗಿನ ಹತ್ತಿರ ಕಾಣಿಸಲೇಬಾರದೆಂದು ಹಂಪಣ್ಣ ಹೇಳಿದ್ದರಿಂದ ಇವರನ್ನು ಒಳಗೆ ಕೂಡಿಸಿ ಬಾಗಿಲು ಮುಂದೆ ಮಾಡಿದ್ದೆ. ಅತ್ತೆಯ ಪಕ್ಕದಲ್ಲಿ ಆ ಹುಡುಗಿ, ಹಿಂದೆ ಬ್ರೆಡ್ಡಿನ ಟ್ರೇಗಳ ನಡುವೆ ನಾನು. ಗಾಡಿ ಓಣಿ ದಾಟಿ ಬಜಾರಿಗೆ ಇಳಿಯಿತು.

ಬಯಲಿನಲ್ಲಿ ಓಡಿಸುವುದು ಬೇರೆ, ಬಜಾರು ಬೇರೆ. ಹಗ್ಗ ಹಿಡಿದವರು ಅಲ್ಲಲ್ಲಿ ಹಗ್ಗ ಬಿಟ್ಟು ರಸ್ತೆ ದಾಟುತ್ತಾರೆ, ಕಿವಿಯನ್ನೇ ನಂಬಿ. ನಮ್ಮ ಗಾಡಿಗೆ ಸದ್ದಿಲ್ಲ. ಎದುರಿಗೆ ಒಬ್ಬ ಎಣ್ಣೆಯ ವ್ಯಾಪಾರಿ ಡಬ್ಬ ಹೊತ್ತು ನಡುರಸ್ತೆಗೆ ಬಂದ. ಅವನಿಗೆ ನಾವು ಇಲ್ಲವೇ ಇಲ್ಲ. ಅತ್ತೆ ಬ್ರೇಕು ತುಳಿದರು, ಟ್ರೇಗಳೆಲ್ಲ ನನ್ನ ಮೇಲೆ ಬಂದವು. ಅವನು ಏನೂ ತಿಳಿಯದೆ ಗಾಡಿಯ ಮೂತಿ ಸವರಿಕೊಂಡು ಹೋದ. ನಾನು ಕಣ್ಣು ಮುಚ್ಚಿಕೊಂಡುಬಿಟ್ಟೆ. ತೆರೆದಾಗ ಅತ್ತೆಯ ಕುತ್ತಿಗೆಯ ಹಿಂದೆ ಬೆವರು ಇಳಿಯುತ್ತಿತ್ತು.

ಆಗ ಅತ್ತೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗತೊಡಗಿದರು. "ಏ ಫಕೀರಪ್ಪಾ, ನಾ ತಂಗೆವ್ವ, ಗಾಡೀ ತಂದೀನಿ, ಅಲ್ಲೇ ನಿಲ್ಲು! ಶಂಕ್ರೆವ್ವಾ, ಹಗ್ಗಾ ಹಿಡಿಯವ್ವಾ! ಸಾವ್ಕಾರ್ರ, ನಿಮ್ಮ ಎಡಗಡಿ ಬರಾಕತ್ತೀನಿ, ಅಂಜಬ್ಯಾಡ್ರಿ!" ಊರಿನ ಪ್ರತಿಯೊಬ್ಬರ ಹೆಸರೂ ಅವರಿಗೆ ಗೊತ್ತು. ಹೆಸರು ಕೇಳಿದವರು ನಿಂತರು, ಸರಿದರು, ಕೈ ಮುಗಿದರು. ಗಾಡಿ ಮೆಲ್ಲಗೆ ಅವರ ನಡುವೆ ಹೊರಟಿತು. ಆ ಹುಡುಗಿಯ ಮುಖದಲ್ಲಿ ಸಣ್ಣ ನಗು ಬಂದದ್ದನ್ನು ನಾನು ಕನ್ನಡಿಯಲ್ಲಿ ಕಂಡೆ. ದೇವರೇ, ಗೆದ್ದೆವು ಎಂದುಕೊಂಡೆ.

ಶೆಟ್ಟರ ಅಂಗಡಿಯ ಮುಂದೆ ಬ್ರೆಡ್ಡು ಕೊಡಲು ನಿಲ್ಲಿಸಿದೆವು. ಶೆಟ್ಟರು ಎಂದಿನಂತೆ ಮೆಟ್ಟಿಲ ಮೇಲೆ ಹಗ್ಗ ಹಿಡಿದು ನಿಂತಿದ್ದರು. ಬ್ರೆಡ್ಡಿನ ವಾಸನೆ ಹಿಡಿದು ಈ ಕಡೆ ಮುಖ ಮಾಡಿದರು.

"ತಂಗೆವ್ವಾ, ನೀ ಯಾಕ ಬಂದಿ? ಚನ್ನಬಸು ಎಲ್ಲಿ? ಇವತ್ತ ಹಾಡ ಕೇಳ್ಸಲಿಲ್ಲಲ್ಲ. ಮೈಯಾಗ ಆರಾಮಿಲ್ಲೇನು ಹುಡುಗಗ?"

ಶೆಟ್ಟರಿಗೆ ಗಾಡಿಯಲ್ಲಿ ಇನ್ನೊಬ್ಬಳು ಕೂತಿದ್ದಾಳೆಂದು ಹೇಗೆ ಗೊತ್ತಾಗಬೇಕು? ಹುಡುಗಿ ಬಾಗಿ ಕೇಳಿದಳು. "ದಿನಾ ಹಾಡ್ತಾರೇನ್ರೀ ಅವರು?"

"ದಿನಾ. ಗಾಡೀ ಓಡಿಸ್ಕೋತ, ಹಾಡ್ಕೋತ ಬರ್ತಾನ. ಅವನ ಹಾಡಿಲ್ಲದಿದ್ರ ಈ ಮೂಕ ಗಾಡ್ಯಾಗ ನಾವೆಲ್ಲಾ ಯಾವಾಗೋ ಸಾಯ್ತಿದ್ವಿ. ಬಂಗಾರದಂಥಾ ಹುಡುಗ" ಎಂದು ಶೆಟ್ಟರು ಬಾಯಿ ತುಂಬ ಹೊಗಳಿದರು.

"ಅವ ಪಕ್ಕದಾಗ ಕುಂತು ಹಾಡ್ತಾನಬೇ, ನಾ ಓಡಿಸ್ತೀನಿ" ಎಂದರು ಅತ್ತೆ ಥಟ್ಟನೆ, ಹುಡುಗಿಯ ಕಡೆ ತಿರುಗಿ. ಹಗ್ಗದ ಉದ್ದಕ್ಕೂ ನಿಂತಿದ್ದವರು, "ಹೌದಲ್ಲ, ಚನ್ನಬಸು ಯಾಕ ಬಂದಿಲ್ಲ?" ಎಂದು ಒಬ್ಬರಿಗೊಬ್ಬರು ಕಾಳಜಿಯಿಂದ ವಿಚಾರಿಸುತ್ತಿದ್ದರು. ಹುಡುಗಿ ಬಾಟಲಿಯ ಮುಚ್ಚಳ ತಿರುಗಿಸಿ ಬಿಗಿ ಮಾಡಿದಳು. ಮನೆಯ ಮುಂದೆ ಇಳಿದು ಅತ್ತೆಗೆ ಕೈ ಮುಗಿದಳು. "ಚೆನ್ನಾಗಿ ಓಡಿಸ್ತೀರಮ್ಮಾ" ಎಂದಳು. ಅಷ್ಟೇ. ಅದರಿಂದ ಒಪ್ಪಿದಳೋ ಇಲ್ಲವೋ ಎಂದು ಏನು ತಿಳಿಯಬೇಕು?

ಕೇಂದ್ರದವರು ಕಾಗದ ಕಳಿಸುವುದಿಲ್ಲ. ಮರುದಿನ ಆಯಾ ಹೊತ್ತಿಗೆ ಅವರವರಿಗೇ ಗೊತ್ತಾಗುತ್ತದೆ. ಮುಂಜಾನೆ ಅತ್ತೆ ಎಂದಿನಂತೆ ಎದ್ದು, ಹಿತ್ತಲಿನ ಮಲ್ಲಿಗೆ ಬಿಡಿಸಿ ತಂದಾಗ ನಾನು ಗೋಡೆಗೆ ಮುಖ ಮಾಡಿ ಕಣ್ಣೊರೆಸಿಕೊಂಡೆ. ಕಂಡಿತಲ್ಲ, ಕಾಣುತ್ತಿದೆಯಲ್ಲ. ಆದರೂ ಹೆದರಿಕೆ ಬಿಡಲಿಲ್ಲ. ಇವರ ಮುಖ ಒಮ್ಮೆ, ಅತ್ತೆಯ ಮುಖ ಒಮ್ಮೆ ನೋಡುವುದೇ ನನ್ನ ಕೆಲಸವಾಯಿತು. ಒಲೆಯ ಮೇಲೆ ಸಾರು ಉಕ್ಕಿ ಚೆಲ್ಲಿತು. ಮಧ್ಯಾಹ್ನ ಮೂವರೂ ಊಟಕ್ಕೆ ಕೂತೆವು. ನಾನು ಅನ್ನಕ್ಕೆ ಮಜ್ಜಿಗೆ ಬಡಿಸಿದೆ. ಊಟ ಮುಗಿಸಿ ಇವರು ಕೈ ತೊಳೆದುಕೊಂಡು, ಕತ್ತಲಾಗುವಾಗ ಯಾವಾಗಲೂ ಮಾಡುವಂತೆ ಕಂಬವನ್ನು ಗಟ್ಟಿಯಾಗಿ ಹಿಡಿದು ನಿಂತರು.

ಕತ್ತಲಾಗಲಿಲ್ಲ. ಇವರು ಕಂಬ ಬಿಡಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಹೋಯಿತು. ಅಂಗಳದ ಬೇವಿನ ನೆರಳು ಕಟ್ಟೆ ಹತ್ತಿತು.

"ಕಸ್ತೂರೀ, ನೆರಳು ಉದ್ದ ಆಗಾಕತ್ತೈತಿ ನೋಡ" ಎಂದರು ಇವರು. "ಕಾಣಾಕತ್ತೈತಿ! ಅವ್ವಾ, ನನಗ ಕಾಣಾಕತ್ತೈತಿ!"

ಅಂಗಿ ಹಾಕಿಕೊಳ್ಳುವುದನ್ನೂ ಮರೆತು ಬನಿಯನ್ನಿನಲ್ಲೇ ಓಣಿಗೆ ಓಡಿದರು, ಗಿರಿಜಾ ಬರುವುದನ್ನು ನೋಡಲು. ನನಗೆ ನಗುವೋ ಅಳುವೋ ತಿಳಿಯದು. ಅತ್ತೆಯನ್ನು ಅಪ್ಪಿಕೊಳ್ಳಬೇಕೆಂದು ಒಳಗೆ ಬಂದೆ. ಅವರು ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತ ಕೂತಿದ್ದರು. ಹತ್ತಿರ ಹೋಗಿ ನೋಡಿದರೆ ಮೊರದ ಅಂಚಿನಲ್ಲಿ ಒಂದು ಕರಿ ಕಲ್ಲು ಹಾಗೇ ಇದೆ. ಬೆರಳು ಬಿಳಿ ಅಕ್ಕಿಯನ್ನೇ ಆರಿಸಿ ಆರಿಸಿ ನೆಲಕ್ಕೆ ಹಾಕುತ್ತಿತ್ತು.

ನಾನು ಅವರ ಕಣ್ಣ ಮುಂದೆ ಕೈ ಆಡಿಸಿದೆ. ಗಾಳಿ ತಾಕಿತೇನೋ, ನನ್ನ ಮಣಿಕಟ್ಟನ್ನು ಹಿಡಿದುಕೊಂಡರು.

"ಯಾವಾಗ ಅತ್ತೀ?" ಎಂದೆ.

"ನೀ ಮಜ್ಜಿಗಿ ಹಾಕಿದ್ಯಲ್ಲ, ಆವಾಗ. ಅವ ದಿನಾ ಕಂಬ ಹಿಡೀಯೂದಕ್ಕಿಂತ ಒಂದಿಷ್ಟು ಮೊದಲ."

"ದ್ಯಾಮಣ್ಣನಂಗ ಪೂರಾ?"

"ಪೂರಾ ಇರಬೇಕು. ನಾಳಿ ಹೊತ್ತು ಮೂಡಿದ್ರ ತಿಳೀತೈತಿ." ಅವರ ಕೈ ಬಿಸಿಯಾಗಿತ್ತು. "ಅಳಬ್ಯಾಡ. ಹಂಪಣ್ಣ ನನಗ ಎರಡು ಸಲ ಹೇಳಿಲ್ಲೇನು, ಅವರು ಒಪ್ಲಿ ಬಿಡ್ಲಿ ಇವಗ ಏನೂ ಇಲ್ಲಂತ? ನಾ ಸಹಿ ಮಾಡಿದ್ದ ಅದಕ್ಕ. ಅವನ್ನ ಈಗ ಕರೀಬ್ಯಾಡ. ಇವತ್ತೊಂದಿನ ಅವ ಸಂಜೀ ನೋಡ್ಲಿ."

ನಾನು ಅವರ ಕಾಲ ಬಳಿ ಕೂತುಬಿಟ್ಟೆ. ಇಷ್ಟು ವರ್ಷ ಉಪ್ಪು ಹೆಚ್ಚಾಯಿತು, ನೀರು ಚೆಲ್ಲಿತು ಎಂದು ದಿನಾ ಜಗಳವಾಡಿದ ಹೆಂಗಸು. ಚೆಲ್ಲಿದ ಅಕ್ಕಿಯನ್ನು ಒಂದೊಂದೇ ಹೆಕ್ಕಿ ಮೊರಕ್ಕೆ ಹಾಕಿದೆ. ಓಣಿಯಲ್ಲಿ ಗಿರಿಜಾ "ಅಪ್ಪಾ, ನಿನಗ ಕಾಣ್ತೈತಿ?" ಎಂದು ಚೀರಿದ್ದು ಕೇಳಿಸಿತು. ಅತ್ತೆ ಕುತ್ತಿಗೆ ಚಾಚಿ, "ಕುಪ್ಪಳಿಸ್ಕೋತ ಬಂದ್ಲೇನು?" ಎಂದು ಕೇಳಿದರು. ನಾನು ನೋಡಿರಲಿಲ್ಲ, ಆದರೂ ಹೌದೆಂದೆ.

ಹೊತ್ತು ಇಳಿಯಿತು. ಇವರು ಮಗಳನ್ನು ಹೆಗಲ ಮೇಲೆ ಹೊತ್ತು ಅಂಗಳಕ್ಕೆ ಬಂದರು. ಅಲ್ಲಿಂದಲೇ ಕೂಗಿದರು.

"ಅವ್ವಾ, ಲಗೂ ಬಾ! ಆಕಾಶ ಎಲ್ಲಾ ಕೆಂಪಾಗೈತಿ. ನೋಡ ಬಾ ಅವ್ವಾ!"

ಅತ್ತೆ ಮೊರ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು ಎದ್ದರು. ನನ್ನ ಹೆಗಲನ್ನು ಗಟ್ಟಿಯಾಗಿ ಹಿಡಿದರು. "ನಡಿ. ಹೊಸ್ತಲಾ ಬಂದಾಗ ಹೇಳು" ಎಂದು ಪಿಸುಗುಟ್ಟಿದರು. ಹೇಳಿದೆ. ದಾಟಿದರು. ಅಂಗಳಕ್ಕೆ ಬಂದು ತಲೆಯೆತ್ತಿ ನಿಂತು, "ಹೌದಪಾ, ಎಷ್ಟ ಕೆಂಪಾಗೈತಿ" ಎಂದರು.

ಅವರ ಮುಖ ಮೂಡಣ ದಿಕ್ಕಿಗಿತ್ತು. ಇವರು ಇನ್ನೂ ಆಕಾಶವನ್ನೇ ನೋಡುತ್ತಿದ್ದರು. ನಾನು ಅತ್ತೆಯ ಹೆಗಲು ಹಿಡಿದು ಮೆಲ್ಲಗೆ ಪಡುವಣಕ್ಕೆ ತಿರುಗಿಸಿದೆ.